ಚೀನೀ ಸಮರಕಲೆಯ ಸಿನಿಮಾ: ವರಸೆ ನೋಡುವ ಬಗೆ

ಚೀನೀ ಸಮರಕಲೆಯ ಚಿತ್ರಗಳಲ್ಲಿ ಎರಡು ಕವಲುಗಳಿವೆ. ವೂಷ್ಯಾ ಎಂಬುದು ಕತ್ತಿ ಹಿಡಿದ ಅಲೆಮಾರಿ ವೀರರ ಕಥೆ, ಹೆಚ್ಚಾಗಿ ಅರಸರ ಕಾಲದ್ದು. ಅಲ್ಲಿ ವಿದ್ಯೆ ಪಳಗಿದವರು ಗೋಡೆಯ ಮೇಲೆ ಓಡುತ್ತಾರೆ, ಮಾಡಿನಿಂದ ಮಾಡಿಗೆ ಹಾರುತ್ತಾರೆ. ಕುಂಗ್‌ಫೂ ಚಿತ್ರದಲ್ಲಿ ಬರಿಗೈ ಮತ್ತು ಕೋಲಿನ ಕಾಳಗವೇ ಮುಖ್ಯ. ಕಾಲು ನೆಲದ ಮೇಲಿರುತ್ತದೆ. ವೂಷ್ಯಾ 1920ರ ದಶಕದ ಶಾಂಘಾಯ್‌ನಲ್ಲೇ ಜನರನ್ನು ಚಿತ್ರಮಂದಿರಕ್ಕೆ ಎಳೆದಿತ್ತು. ಕುಂಗ್‌ಫೂ ಚಿತ್ರ ಹಾಂಗ್‌ಕಾಂಗ್‌ನಲ್ಲಿ 1949ರಿಂದ ಬಂದ ವಾಂಗ್ ಫೇ ಹಂಗ್ ಸರಣಿಯಲ್ಲಿ ಬೇರೂರಿ, 1970ರ ದಶಕದಲ್ಲಿ ಬ್ರೂಸ್ ಲೀ ಮೂಲಕ ಲೋಕವನ್ನೆಲ್ಲ ಸುತ್ತಿತು. ಮುಂದಿರುವ ಚಿತ್ರ ಯಾವ ಕವಲಿನದು ಎಂದು ತಿಳಿಯದೆ ತೂಗಲು ಹೊರಟರೆ ತಕ್ಕಡಿಯೇ ತಪ್ಪುತ್ತದೆ. ಗಾಳಿಯಲ್ಲಿ ತೇಲುವುದು ವೂಷ್ಯಾ ಲೋಕದ ಸಹಜ ನಿಯಮ. ಮೈಬಲವನ್ನೇ ನಂಬಿಸಿಕೊಂಡು ಬಂದ ಕುಂಗ್‌ಫೂ ಚಿತ್ರದಲ್ಲಿ ಅದೇ ಹಾರಾಟ ಮೋಸವೆನಿಸಬಹುದು.

ಕವಲು ಯಾವುದೇ ಇರಲಿ, ಕಾಳಗದಲ್ಲಿ ಗೆಲ್ಲುವವರು ಯಾರೆಂಬುದು ಬಹುಪಾಲು ಮೊದಲೇ ಗೊತ್ತಿರುತ್ತದೆ. ಕಾಳಗ ಮುಗಿಯುವ ಹೊತ್ತಿಗೆ ಏನು ಬದಲಾಯಿತು ಎಂಬುದನ್ನು ಗಮನಿಸಬೇಕು. ಆಂಗ್ ಲೀ ನಿರ್ದೇಶನದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ (2000) ಚಿತ್ರದಲ್ಲಿ ಇಬ್ಬರು ಹೆಂಗಸರು ಗರಡಿಯಂಥ ಅಂಗಳದಲ್ಲಿ ಎದುರಾಗುವ ದೃಶ್ಯ ಇದನ್ನು ಕಲಿಯಲು ಒಳ್ಳೆಯ ಪಾಠ. ಕಿರಿಯಳಾದ ಜೆನ್ ಕೈಯಲ್ಲಿ ಕದ್ದು ತಂದ ಅಪೂರ್ವ ಖಡ್ಗವಿದೆ. ಹಿರಿಯಳಾದ ಷು ಲಿಯೆನ್ ಒಂದಾದ ಮೇಲೊಂದು ಆಯುಧ ಎತ್ತಿಕೊಳ್ಳುತ್ತಾಳೆ, ಆ ಖಡ್ಗದ ಮುಂದೆ ಅವು ನಿಲ್ಲುವುದಿಲ್ಲ. ನಡುವೆ ಒಂದು ಭಾರೀ ಲೋಹದ ದಂಡವನ್ನು ಆಡಿಸಲಾಗದೆ ಅವಳು ಎಡವುವ ನಗೆಯ ಗಳಿಗೆಯೂ ಬರುತ್ತದೆ. ಕೊನೆಗೆ ಮುರಿದ ಕತ್ತಿಯ ಮೋಟು ಜೆನ್‌ಳ ಕುತ್ತಿಗೆಯ ಬಳಿ ನಿಲ್ಲುತ್ತದೆ. ಮೇಲು ಆಯುಧ ಒಬ್ಬಳದು, ಮೇಲು ವಿದ್ಯೆ ಇನ್ನೊಬ್ಬಳದು. ಕೈ ತಡೆದ ಷು ಲಿಯೆನ್‌ಗೆ ಜೆನ್ ಗಾಯ ಮಾಡಿದಾಗ ಇಬ್ಬರ ಗುಣವೂ ಬಯಲಾಗುತ್ತದೆ. ಯುಯೆನ್ ವೂ ಪಿಂಗ್ ಹೆಣೆದ ಈ ಕಾಳಗವನ್ನು ಕತ್ತರಿಸಿ ತೆಗೆದರೆ ಕಥೆಯೇ ಕುಂಟುತ್ತದೆ. ತೆಗೆದರೂ ಕಥೆಗೆ ಏನೂ ಆಗದ ಹೊಡೆದಾಟ ಎಷ್ಟು ಚುರುಕಾಗಿದ್ದರೂ ಬರೀ ಕಸರತ್ತು.

ಬ್ರೂಸ್ ಲೀ ತಾನೇ ನಿರ್ದೇಶಿಸಿದ ‘ದಿ ವೇ ಆಫ್ ದಿ ಡ್ರ್ಯಾಗನ್’ (1972) ಚಿತ್ರದ ಕೊಲೊಸಿಯಮ್ ಕಾಳಗವೂ ಇದೇ ಜಾತಿಯದು. ನಾಯಕ ಮೊದಲು ಏಟು ತಿನ್ನುತ್ತಾನೆ, ಆಮೇಲೆ ಹೆಜ್ಜೆಯ ಲಯವನ್ನೇ ಬದಲಿಸುತ್ತಾನೆ. ಎದುರಾಳಿಯಾದ ಚಕ್ ನಾರಿಸ್ ಪಾತ್ರ ಸತ್ತ ಮೇಲೆ ನಾಯಕ ಅವನ ಅಂಗಿಯನ್ನೂ ನಡುಪಟ್ಟಿಯನ್ನೂ ದೇಹದ ಮೇಲೆ ಹೊದಿಸುತ್ತಾನೆ. ಎದುರಾಳಿಯ ವಿದ್ಯೆಗೆ ಸಲ್ಲುವ ಈ ಗೌರವ ಇಂಥ ಚಿತ್ರಗಳ ನೀತಿಯ ತಿರುಳು.

ಕ್ಯಾಮೆರಾ ಮೈಯನ್ನು ಹೇಗೆ ತೋರಿಸುತ್ತದೆ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಎರಡು ವಿರುದ್ಧ ಉತ್ತರಗಳಿವೆ, ಎರಡೂ ಸರಿ. ನಿರ್ದೇಶಕ ಲಾವ್ ಕಾರ್ ಲ್ಯೂಂಗ್ ಸ್ವತಃ ಹಂಗ್ ಗಾರ್ ಎಂಬ ಕುಂಗ್‌ಫೂ ಪದ್ಧತಿಯ ಪಟುವಾಗಿದ್ದರು. ಅವರ ಚಿತ್ರಗಳಲ್ಲಿ ತಲೆಯಿಂದ ಪಾದದವರೆಗೆ ಇಡೀ ಆಳು ಕಾಣುತ್ತಾನೆ, ಒಂದೇ ಶಾಟ್‌ನಲ್ಲಿ ಹಲವು ಪಟ್ಟುಗಳು ನಡೆದುಹೋಗುತ್ತವೆ. ನಟನಿಗೆ ವರಸೆ ಬಾರದಿದ್ದರೆ ಅಲ್ಲಿ ಅಡಗಲು ಜಾಗವಿಲ್ಲ. ನಿರ್ದೇಶಕ ಕಿಂಗ್ ಹೂ ಇದಕ್ಕೆ ತದ್ವಿರುದ್ಧ. ‘ಎ ಟಚ್ ಆಫ್ ಝೆನ್’ (1971) ಚಿತ್ರದ ಬಿದಿರು ಮೆಳೆಯ ಕಾಳಗದಲ್ಲಿ ಜಿಗಿತದ ಶುರು, ಗಾಳಿಯಲ್ಲಿ ಹಾಯುವ ಬಟ್ಟೆಯ ಅಂಚು, ಇಳಿಯುವ ಕಾಲು, ಇಷ್ಟೇ ಕಾಣುತ್ತದೆ. ಉಳಿದುದನ್ನು ನೋಡುಗನ ಕಣ್ಣು ತುಂಬಿಕೊಳ್ಳಬೇಕು. ಕಣ್ಣಿಗೂ ಸಿಗದಷ್ಟು ಬೇಗ ನಡೆದದ್ದರಿಂದಲೇ ಅದು ಅಮಾನುಷ ಎನಿಸುತ್ತದೆ. ಆ ಚಿತ್ರಕ್ಕೆ 1975ರಲ್ಲಿ ಕಾನ್ ಉತ್ಸವದ ತಾಂತ್ರಿಕ ಪ್ರಶಸ್ತಿ ಬಂದಿತು.

ಹಾಗಾದರೆ ಒಳ್ಳೆಯ ಸಂಕಲನಕ್ಕೂ ಕೆಟ್ಟದಕ್ಕೂ ಗೆರೆ ಎಲ್ಲಿ? ಯಾರು ಎಲ್ಲಿ ನಿಂತಿದ್ದಾರೆ, ಏಟು ಯಾವ ಕಡೆಯಿಂದ ಬಂತು, ಯಾರಿಗೆ ತಗುಲಿತು ಎಂಬುದು ತಿಳಿಯುತ್ತಿದ್ದರೆ ತುಣುಕುಗಳು ಎಷ್ಟೇ ಕಿರಿದಾಗಿದ್ದರೂ ತೊಂದರೆಯಿಲ್ಲ. ಅದು ತಿಳಿಯದೆ ಕ್ಯಾಮೆರಾ ಅಲುಗಾಟ ಮಾತ್ರ ಉಳಿದರೆ, ವರಸೆ ಬಾರದವರನ್ನು ಮರೆಮಾಚುವ ಉಪಾಯ ಎಂದು ಅನುಮಾನಿಸಬಹುದು. ಜಾಕಿ ಚಾನ್ ‘ಪೊಲೀಸ್ ಸ್ಟೋರಿ’ಯಲ್ಲಿ (1985) ದೀಪಗಳು ಸುತ್ತಿದ ಕಂಬದಿಂದ ಜಾರಿ ಬೀಳುವುದನ್ನು ಬೇರೆ ಬೇರೆ ಕೋನಗಳಿಂದ ಮತ್ತೆ ಮತ್ತೆ ತೋರಿಸಲಾಗಿದೆ. ಕಥೆಗೆ ಆ ಪುನರಾವರ್ತನೆ ಬೇಡ. ಬಿದ್ದದ್ದು ನಿಜವಾದ ಮೈ ಎಂಬ ಸಾಕ್ಷ್ಯಕ್ಕೆ ಬೇಕು.

ಕಿವಿಗೂ ಕೆಲಸವಿದೆ. ಜಾಕಿ ಚಾನ್, ಸ್ಯಾಮೊ ಹಂಗ್ ಮುಂತಾದವರು ಬಾಲ್ಯದಲ್ಲಿ ಪೀಕಿಂಗ್ ಒಪೆರಾದ ಶಿಕ್ಷಣ ಪಡೆದವರು. ಕಿಂಗ್ ಹೂ ಚಿತ್ರಗಳ ಸಾಹಸ ನಿರ್ದೇಶಕ ಹಾನ್ ಯಿಂಗ್ ಜಿಯೆ ಕೂಡ ಅದೇ ರಂಗಭೂಮಿಯಿಂದ ಬಂದವರು. ಮರದ ತಾಳ, ಕಂಸಾಳೆಗಳ ಹೊಡೆತಕ್ಕೆ ಹೆಜ್ಜೆ ಹಾಕಿ, ಥಟ್ಟನೆ ಒಂದು ಭಂಗಿಯಲ್ಲಿ ನಿಂತು, ಮತ್ತೆ ಮುನ್ನುಗ್ಗುವ ಪದ್ಧತಿ ಆ ರಂಗದ್ದು. ನಿಲ್ಲುವ ಗಳಿಗೆಗೂ ಏಟಿನಷ್ಟೇ ಬೆಲೆಯಿದೆ. ‘ಕಮ್ ಡ್ರಿಂಕ್ ವಿತ್ ಮಿ’ (1966) ಚಿತ್ರದ ಛತ್ರದ ದೃಶ್ಯದಲ್ಲಿ ಗಂಡುವೇಷದ ನಾಯಕಿ ಚೆಂಗ್ ಪೇ ಪೇ ಕುಳಿತೇ ಇರುತ್ತಾಳೆ, ಸುತ್ತಲಿನ ಪುಂಡರು ಕೆಣಕುತ್ತಾರೆ. ಯಾರು ಮೊದಲು ಅಲುಗುತ್ತಾರೆ ಎಂಬ ಕಾತರದಲ್ಲಿ ಅರ್ಧ ಕಾಳಗ ಮುಗಿದಿರುತ್ತದೆ.

ಕುಂಗ್‌ಫೂ ಚಿತ್ರಗಳಲ್ಲಿ ಕಲಿಕೆಯ ಭಾಗವನ್ನು ಬೇಸರವೆಂದು ಓಡಿಸಬಾರದು. ಲಾವ್ ನಿರ್ದೇಶನದ ‘ದಿ 36ತ್ ಚೇಂಬರ್ ಆಫ್ ಶಾವೊಲಿನ್’ (1978) ಚಿತ್ರದ ಹೃದಯ ಇರುವುದೇ ಅಲ್ಲಿ. ನೀರಿನ ಮೇಲೆ ತೇಲುವ ಮರದ ತುಂಡುಗಳನ್ನು ದಾಟಿದರೆ ಮಾತ್ರ ಊಟ. ತೋಳಿಗೆ ಚೂರಿ ಕಟ್ಟಿಕೊಂಡು ನೀರು ಹೊರಬೇಕು, ಕೈ ಇಳಿದರೆ ಪಕ್ಕೆಗೆ ಚುಚ್ಚುತ್ತದೆ. ಅಲ್ಲಿ ಕಲಿತದ್ದು ಕೊನೆಯ ಕಾಳಗದಲ್ಲಿ ಮೈಯಿಂದ ಹೊರಬಂದರೆ ಚಿತ್ರ ಗೆದ್ದಂತೆ.

ತುಟಿಗೂ ಮಾತಿಗೂ ಹೊಂದದ ಡಬ್ಬಿಂಗ್, ಏಕಾಏಕಿ ಜೂಮ್, ಎದ್ದು ಕಾಣುವ ಅಂಟುಗಡ್ಡ, ಇವು ಆ ಕಾಲದ ಅಗ್ಗದ, ಅವಸರದ ತಯಾರಿಕೆಯ ಗುರುತುಗಳು. ಹೊಸಬರು ನಗುವುದು ಸಹಜ, ಆದರೆ ಅಂಕ ಕಳೆಯಬೇಕಾಗಿಲ್ಲ. ತಂತಿ ಕಟ್ಟಿ ಹಾರಿಸಿದ್ದೂ ತಪ್ಪಲ್ಲ; ಹಾರಿದವರಿಗೆ ತೂಕವಿದೆ ಎನಿಸದಿದ್ದರೆ ಅದು ತಪ್ಪು.

ಅಂದದ ಮಾತು ಬಂದಾಗ ಎಚ್ಚರ ಬೇಕು. ಜಾಂಗ್ ಯಿಮೋವ್ ನಿರ್ದೇಶನದ ‘ಹೀರೋ’ (2002) ಬಣ್ಣಗಳಲ್ಲೇ ಕಥೆಯನ್ನು ಬಗೆಬಗೆಯಾಗಿ ಹೇಳುತ್ತದೆ. ಛಾಯಾಗ್ರಹಣಕ್ಕೆ ಸಾಟಿ ಕಡಿಮೆ. ಆದರೆ ದೇಶ ಒಂದಾಗಲೆಂದು ಕ್ರೂರ ಅರಸನನ್ನು ಕೊಲ್ಲದೆ ಬಿಡುವ ಅದರ ತೀರ್ಮಾನವನ್ನು ಸರ್ವಾಧಿಕಾರದ ಸಮರ್ಥನೆ ಎಂದು ಹಲವರು ಟೀಕಿಸಿದರು. ವೂಷ್ಯಾದ ವೀರ ಅಧಿಕಾರಕ್ಕೆ ತಲೆಬಾಗದ ಅಲೆಮಾರಿಯಾಗಿದ್ದರಿಂದ ಈ ಟೀಕೆ ಚಿತ್ರದ ಹೊರಗಿನದಲ್ಲ, ಅದರ ಬೆಲೆ ಕಟ್ಟುವ ಕೆಲಸದ್ದೇ ಭಾಗ.