ತಾರಸಿ ಮನೆಯಲ್ಲಿ ವಾಲ್ವ್ ಹಾಡೀತೇ?

ಅಡಿಕೆಗೆ ಒಳ್ಳೆ ಧಾರಣೆ ಸಿಕ್ಕ ವರ್ಷ ನ್ಯಾಮತಿ ಸುತ್ತಿನ ಊರುಗಳಲ್ಲಿ ಹೊಸ ಮನೆಗಳು ಏಳುತ್ತವೆ. ಹಾಲ್‌ಗೆ ಸೋಫಾ, ಸೋಫಾದ ಎದುರು ಗೋಡೆಯಗಲ ಟಿ.ವಿ., ಇಷ್ಟರವರೆಗೆ ಎಲ್ಲರದೂ ಒಂದೇ ದಾರಿ. ನೂರರಲ್ಲಿ ಒಬ್ಬ ಮಾತ್ರ ಇನ್ನೊಂದು ಹೆಜ್ಜೆ ಹೋಗಿ, ‘ಹಾಡು ಕೇಳೋಕೆ ಅಂತಾನೇ ಒಂದು ಸೆಟ್ ಹಾಕ್ಬೇಕು ಕಣ್ರೀ’ ಅನ್ನುತ್ತಾನೆ. ಈ ವಾರದ ಮಾತೆಲ್ಲ ಆ ಒಬ್ಬನಿಗೆ. ಅವನ ಮುಂದೆ ಈಗ ಎರಡು ಪೆಟ್ಟಿಗೆಗಳಿವೆ. ಒಂದು, ಕೆಂಪಗೆ ಕಾದು ಹಾಡುವ ವಾಲ್ವ್ ಆಂಪ್ಲಿಫೈಯರ್. ಇನ್ನೊಂದು, ಮೈಕ್ ಇಟ್ಟು ಕೋಣೆಯನ್ನು ಅಳೆದು ಅದಕ್ಕೆ ತಕ್ಕಂತೆ ದನಿಯನ್ನು ತಿದ್ದುವ ಡಿಜಿಟಲ್ ಆಂಪ್ಲಿಫೈಯರ್. ಯಾವುದನ್ನು ತರಬೇಕು? ಕ್ಯಾಟಲಾಗು ಬದಿಗಿಟ್ಟು ಮೊದಲು ತಲೆ ಎತ್ತಿ ಸೂರು ನೋಡಿ ಅಂತ ನನ್ನ ಉತ್ತರ.

ನಮ್ಮ ಕಡೆಯ ಹೊಸ ಮನೆಯಲ್ಲಿ ಹಾಡಿಗೆ ಸಿಗುವುದು ಹೆಚ್ಚಾಗಿ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ರೂಮು. ಗೋಡೆಗೆ ಸಿಮೆಂಟ್ ಗಿಲಾವು, ನೆಲಕ್ಕೆ ಕನ್ನಡಿಯಂಥ ಟೈಲ್ಸ್, ಮೇಲೆ ಆರ್‌ಸಿಸಿ. ಸಾಮಾನು ತುಂಬುವ ಮೊದಲು ಅದರ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಯಿಂದ ಗೋಡೆಗೆ ಝಣಝಣ ಅಂತ ಓಡಾಡುತ್ತದೆ. ಇದು ಮೇಲಿನ ಸ್ವರಗಳ ಕಾಟ. ಕೆಳಗಿನದು ಇನ್ನೂ ಹಟಮಾರಿ. ಎದುರುಬದುರು ಗೋಡೆಗಳ ನಡುವೆ ಯಾವ ಸ್ವರದ ಅರ್ಧ ಅಲೆ ಸರಿಯಾಗಿ ಕೂರುತ್ತದೋ ಆ ಸ್ವರ ಅಲ್ಲೇ ಉಬ್ಬಿ ನಿಲ್ಲುತ್ತದೆ. 12 ಅಡಿಗೆ ಅದು ಸುಮಾರು 47 ಹರ್ಟ್ಸ್, 10 ಅಡಿಗೆ ಸುಮಾರು 57. ಅಗಲವೂ ಎತ್ತರವೂ 10 ಅಡಿಯೇ ಆಗಿರುವುದರಿಂದ 57ರಲ್ಲಿ ಎರಡು ಉಬ್ಬುಗಳು ಒಂದರ ಮೇಲೊಂದು ಬೀಳುತ್ತವೆ. ಬೇಸ್ ಗಿಟಾರಿನ ಎ ತಂತಿಯನ್ನು ಸುಮ್ಮನೆ ಮೀಟಿದರೆ ಬರುವ ಸ್ವರ 55 ಹರ್ಟ್ಸ್. ಅಂದರೆ 1987ರ ‘ಪ್ರೇಮಲೋಕ’ದಿಂದ ಈಚೆಗಿನ ಯಾವ ಸಿನಿಮಾ ಹಾಡು ಹಾಕಿದರೂ ಆ ತಂತಿಯ ಹತ್ತಿರ ಬಂದಾಗಲೆಲ್ಲ ರೂಮು ಗುಂಯ್‌ಗುಡುತ್ತದೆ. ಪಕ್ಕದ ಸ್ವರಗಳು ಆ ಗದ್ದಲದಲ್ಲಿ ಮುಳುಗುತ್ತವೆ. ಜನ ಸ್ಪೀಕರ್‌ಗೆ ಬೈಯುತ್ತಾರೆ. ಪಾಪ, ತಪ್ಪು ಅದರದ್ದಲ್ಲ.

ಹಳೆಯ ಹಂಚಿನ ಮನೆಯ ಪಡಸಾಲೆಗೆ ಈ ರೋಗ ಕಡಿಮೆ. ಸೂರು ಇಳಿಜಾರು, ಆದ್ದರಿಂದ ನೆಲಕ್ಕೂ ಸೂರಿಗೂ ನಡುವೆ ಅಲೆ ನೆಟ್ಟಗೆ ನಿಲ್ಲಲಾರದು. ಅಟ್ಟದ ಹಲಗೆ ತಾನೂ ಅದುರಿ ಒಂದಿಷ್ಟು ಬೇಸನ್ನು ನುಂಗುತ್ತದೆ, ಉಳಿದದ್ದು ಹಂಚಿನ ಸಂದಿಯಲ್ಲಿ ಆಚೆ ಹೋಗುತ್ತದೆ. ಮೂಲೆಯಲ್ಲಿ ಮೆಕ್ಕೆಜೋಳದ ಚೀಲಗಳ ಅಟ್ಟಿ ಇದ್ದರಂತೂ ಮಾತಿನ ಪ್ರತಿಧ್ವನಿಯೂ ಸತ್ತೇ ಹೋಗುತ್ತದೆ. ಲಕ್ಷಗಟ್ಟಲೆ ಸುರಿದು ಸ್ಟುಡಿಯೊ ಕಟ್ಟುವವರು ಹುಡುಕುವ ಗುಣ ಇಲ್ಲಿ ದಂಡಿಯಾಗಿ ಬಿದ್ದಿರುತ್ತದೆ. ಅದನ್ನು ಕೆಡವಿ ತಾರಸಿ ಹಾಕುವಾಗ ಯಾರೂ ಈ ಲೆಕ್ಕ ಹಾಕುವುದಿಲ್ಲ ಅನ್ನಿ.

ಡಿಜಿಟಲ್ ತಿದ್ದುಪಡಿ ಕೆಲಸ ಮಾಡುವ ಬಗೆಯನ್ನು ಕಣ್ಣಾರೆ ನೋಡಬೇಕು. ಬೆರಳುದ್ದದ ಮೈಕನ್ನು ನೀವು ಕೂರುವ ಕುರ್ಚಿಯಲ್ಲಿ ಕಿವಿಯ ಎತ್ತರಕ್ಕೆ ನಿಲ್ಲಿಸುತ್ತಾರೆ. ಸ್ಪೀಕರ್ 20 ಹರ್ಟ್ಸ್‌ನಿಂದ ಹಿಡಿದು 20,000ದವರೆಗೆ ‘ಊ...’ ಎಂದು ಒಂದೇ ಉಸಿರಿನಲ್ಲಿ ಏರುತ್ತದೆ. 50 ದಾಟುವ ಹೊತ್ತಿಗೆ ಶೋಕೇಸಿನ ಸ್ಟೀಲ್ ಲೋಟಗಳು ಗಡಗಡ ನಡುಗುತ್ತವೆ, ಕಿಟಕಿಯ ಗಾಜು ಸಣ್ಣಗೆ ಗುರ್ ಅನ್ನುತ್ತದೆ. ಮೈಕನ್ನು ಅತ್ತಿತ್ತ ಸರಿಸಿ ಇದನ್ನೇ ಮತ್ತೆ ಮತ್ತೆ ಮಾಡಿದ ಮೇಲೆ ಪರದೆಯ ಮೇಲೆ ಒಂದು ಗೆರೆ ಮೂಡುತ್ತದೆ. 57ರ ಹತ್ತಿರ ಗುಡ್ಡ, ಇನ್ನೆಲ್ಲೋ ಕಣಿವೆ. ಗುಡ್ಡವನ್ನು ಎಷ್ಟು ತಗ್ಗಿಸಬೇಕೆಂದು ಲೆಕ್ಕ ಹಾಕಿ, ಹಾಡು ಸ್ಪೀಕರ್ ಮುಟ್ಟುವ ಮೊದಲೇ ಅಷ್ಟನ್ನು ಕಳೆಯುತ್ತಾರೆ. ಸ್ವೀಡನ್ನಿನ ಉಪ್ಸಾಲಾದಲ್ಲಿ 2001ರಲ್ಲಿ ಹುಟ್ಟಿದ ಡಿರಾಕ್, ಡೆನ್ಮಾರ್ಕಿನ ಲಿಂಗ್‌ಡಾರ್ಫ್‌ನವರ ರೂಮ್‌ಪರ್ಫೆಕ್ಟ್, ಇವೆಲ್ಲ ಈ ಕಸುಬಿನ ದೊಡ್ಡ ಹೆಸರುಗಳು. (ಲೋಟಗಳ ಗಡಗಡವನ್ನು ಯಾವ ಸಾಫ್ಟ್‌ವೇರೂ ತಿದ್ದುವುದಿಲ್ಲ. ಅವನ್ನು ಎತ್ತಿ ಅಡುಗೆಮನೆಗೆ ಕಳಿಸಿ.)

ಆದರೆ ಅಂಗಡಿಯವರು ಹೇಳದ ಮಾತೊಂದಿದೆ. ಗುಡ್ಡ ಕಡಿಯುವುದು ಸುಲಭ, ಕಣಿವೆ ತುಂಬುವುದು ಆಗದ ಕೆಲಸ. ಅಲೆಗಳು ಒಂದನ್ನೊಂದು ಕೊಂದುಕೊಳ್ಳುವ ಜಾಗದಲ್ಲಿ 10 ಡೆಸಿಬೆಲ್ ಏರಿಸಲು ಹೊರಟರೆ ಆಂಪ್ಲಿಫೈಯರ್ 10 ಪಟ್ಟು ಶಕ್ತಿ ಸುರಿಯಬೇಕು. ಸುರಿದಷ್ಟೂ ಅಲ್ಲೇ ಸಾಯುತ್ತದೆ. ಅದಕ್ಕೆ ಕುರ್ಚಿಯನ್ನು ಒಂದಡಿ ಸರಿಸುವುದೇ ಮದ್ದು. ಚಪ್ಪಾಳೆಯ ಝಣಝಣವೂ ಅಷ್ಟೆ, ಗೋಡೆಯಿಂದ ಆಗಲೇ ಮರಳಿದ ಸದ್ದನ್ನು ಯಂತ್ರ ಹಿಂದಕ್ಕೆ ಕರೆಯಲಾರದು. ಅಲ್ಲಿಗೆ ದಪ್ಪ ಪರದೆ, ಜಮಖಾನ, ಗೋಡೆಗೆ ಒರಗಿಸಿದ ಹತ್ತಿ ಗಾದಿ ಬೇಕು. ಗಾದಿಯೇ ಸಾಕಲ್ಲ ಅನ್ನುವವರಿಗೂ ಒಂದು ಲೆಕ್ಕ: 57 ಹರ್ಟ್ಸ್ ಅಲೆಯ ಕಾಲುಭಾಗವೇ 5 ಅಡಿ. ನಾಲ್ಕು ಇಂಚಿನ ಗಾದಿ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಇನ್ನು ವಾಲ್ವ್. ಇದು ನಮಗೆ ಹೊರಗಿನ ಶೋಕಿಯೇನಲ್ಲ. ಜಾಲಹಳ್ಳಿಯ ಬಿಇಎಲ್ 1961ರಲ್ಲೇ ರೇಡಿಯೊ ವಾಲ್ವ್‌ಗಳನ್ನು ಮಾಡತೊಡಗಿತು. ಅಲ್ಲಿ ತಯಾರಾದ ಇಸಿಸಿ83, ಇಎಲ್84ಗಳನ್ನು ಹೊರದೇಶದ ಹವ್ಯಾಸಿಗಳು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಗೋಡೆಗೂಡಿನಲ್ಲಿ ಕೂತು ಭದ್ರಾವತಿ ಆಕಾಶವಾಣಿಯನ್ನು 675 ಕಿಲೋಹರ್ಟ್ಸ್‌ನಲ್ಲಿ ಹಿಡಿದ ಎಷ್ಟೋ ಮರದ ರೇಡಿಯೊಗಳ ಹೊಟ್ಟೆಯಲ್ಲಿ ಇದ್ದದ್ದು ಇಎಲ್84. ಜಾತ್ರೆಯ ಮೈಕ್ ಸೆಟ್ಟಿನ ಹಳೇ ಆಂಪ್ಲಿಫೈಯರ್‌ಗಳೂ ವಾಲ್ವಿನವೇ. ಐವತ್ತು ದಾಟಿದವರ ಕಿವಿ ಪಳಗಿದ್ದೇ ಈ ದನಿಯಲ್ಲಿ.

ಈ ದನಿಯ ಗುಟ್ಟು, ಬಿಚ್ಚಿ ಹೇಳುವುದಾದರೆ, ಒಂದು ಬಗೆಯ ಕಲಬೆರಕೆ. ಒಂದೇ ವಾಲ್ವ್ ಅಲೆಯನ್ನು ಪೂರ್ತಿ ಹೊರುವ ಸಿಂಗಲ್ ಎಂಡೆಡ್ ಆಂಪ್ಲಿಫೈಯರ್ ಮೂಲ ಸ್ವರಕ್ಕೆ ಅದರ ಇಮ್ಮಡಿ ಕಂಪನವನ್ನು ಚೂರು ಬೆರೆಸುತ್ತದೆ. ಇಮ್ಮಡಿ ಅಂದರೆ ಷಡ್ಜಕ್ಕೆ ತಾರಷಡ್ಜ. ತಂಬೂರಿ ಕೇಳಿ ಬೆಳೆದ ಕಿವಿ ಅದನ್ನು ಅಪಸ್ವರ ಅನ್ನುವುದಿಲ್ಲ, ತುಂಬುದನಿ ಅನ್ನುತ್ತದೆ. ಅಳೆಯುವ ಯಂತ್ರ ಮಾತ್ರ ದೋಷ ಅನ್ನುತ್ತದೆ. ಇಬ್ಬರೂ ಸರಿ. ನನ್ನ ಮಟ್ಟಿಗೆ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣಗಳನ್ನು ಕೇಳಲು ಇದಕ್ಕಿಂತ ಹಿತವಾದ ಪೆಟ್ಟಿಗೆ ಇಲ್ಲ. ಎಚ್‌ಎಂವಿ ಅವರ ತಟ್ಟೆಗಳನ್ನು ತಂದದ್ದು, 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದದ್ದು, ಎಲ್ಲವೂ ವಾಲ್ವಿನ ಕಾಲದಲ್ಲಿ. ಮೇಲಾಗಿ ಗಂಡುದನಿಯ ಮಂದ್ರ ಕೂಡ ಸಾಮಾನ್ಯವಾಗಿ 57 ಹರ್ಟ್ಸ್‌ವರೆಗೆ ಇಳಿಯುವುದಿಲ್ಲ. ಅಂದರೆ ಬರೀ ಗಾಯನ, ಭಾವಗೀತೆ, ಸಿತಾರು ಕೇಳುವವನಿಗೆ ಕೋಣೆಯ ಆ ಗುಡ್ಡ ಎದುರಾಗುವುದೇ ಅಪರೂಪ.

ಸಮಸ್ಯೆ ಬರುವುದು ಅವನ ಮಗ ಬೇರೆ ಹಾಡು ಹಾಕಿದಾಗ. ವಾಲ್ವ್ ಆಂಪ್ಲಿಫೈಯರ್‌ಗೆ ಸ್ಪೀಕರಿನ ಕೋನ್ ಮೇಲೆ ಹಿಡಿತ ಸಡಿಲ, ಬೇಸ್ ಕೊಂಚ ತೇಲಾಡುತ್ತದೆ. ಮೊದಲೇ ಗುಂಯ್‌ಗುಡುವ ತಾರಸಿ ರೂಮಿನಲ್ಲಿ ಇದು ಉರಿಯುವ ಬೆಂಕಿಗೆ ತುಪ್ಪ. ಬಲವೂ ಕಡಿಮೆ. ಒಂಟಿ ಇಎಲ್84 ಕೊಡುವುದು 5 ವ್ಯಾಟ್ ಚಿಲ್ಲರೆ, ಹೆಸರುವಾಸಿ 300ಬಿ ಕೊಡುವುದು 8ರ ಆಸುಪಾಸು. ಅಷ್ಟರಲ್ಲಿ ತೃಪ್ತಿಯಾಗಿ ಕೇಳಲು 95 ಡೆಸಿಬೆಲ್ ಸಂವೇದನೆಯ ಸ್ಪೀಕರ್ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 87ರದ್ದು, ಅದು ಅದೇ ಸದ್ದಿಗೆ 6 ಪಟ್ಟು ಹೆಚ್ಚು ಶಕ್ತಿ ಕೇಳುತ್ತದೆ.

ಕರೆಂಟಿನ ವಿಷಯ ಬೇರೆಯೇ ಇದೆ. ಬೇಸಿಗೆಯಲ್ಲಿ ಸುತ್ತಲ ತೋಟಗಳ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾಗಿ ಮನೆಯ ವೋಲ್ಟೇಜು 230ರಿಂದ 190ಕ್ಕೆ ಇಳಿಯಿತು ಅನ್ನಿ. ವಾಲ್ವಿನ ಹೀಟರ್‌ಗೆ ಬೇಕಾದ 6.3 ವೋಲ್ಟ್ ಆಗ 5.2ಕ್ಕೆ ಕುಸಿಯುತ್ತದೆ, ದನಿ ಸೊರಗುತ್ತದೆ. ರಾತ್ರಿ 260ಕ್ಕೆ ಏರಿದರೆ ಅದೇ ಹೀಟರ್ 7 ವೋಲ್ಟ್ ಕುಡಿದು ಆಯುಸ್ಸು ಕಳೆದುಕೊಳ್ಳುತ್ತದೆ. ಡಿಜಿಟಲ್ ಆಂಪ್ಲಿಫೈಯರ್‌ಗಳಲ್ಲಿ ಹೆಚ್ಚಿನವು ಫೋನ್ ಚಾರ್ಜರಿನಂಥ ಪವರ್ ಸಪ್ಲೈ ಇಟ್ಟುಕೊಂಡಿರುವುದರಿಂದ ತಗ್ಗಿದ ವೋಲ್ಟೇಜಿಗೆ ಜಗ್ಗುವುದಿಲ್ಲ. ನಾಲ್ಕು ಇಎಲ್34 ವಾಲ್ವ್‌ಗಳಿರುವ ಸ್ಟೀರಿಯೊ ಸೆಟ್ಟು ಹಾಡಿದರೂ ಹಾಡದಿದ್ದರೂ ಸುಮಾರು 150 ವ್ಯಾಟ್ ಎಳೆದು ರೂಮಿಗೆ ಶಾಖ ಸುರಿಯುತ್ತದೆ. ಮಳೆಗಾಲದ ಜಿಟಿಜಿಟಿಯಲ್ಲಿ ಅದೇನೋ ಸುಖವೇ, ಏಪ್ರಿಲ್‌ನಲ್ಲಿ ಮಾತ್ರ ಫ್ಯಾನ್ ಸದ್ದಿಗೂ ಹಾಡಿಗೂ ಜಗಳ.

ಹಾಗಾದರೆ? ತಾರಸಿ ಮನೆ, ಎಲ್ಲ ಬಗೆಯ ಹಾಡು, ಮನೆಮಂದಿಯೆಲ್ಲ ಮುಟ್ಟುವ ಸೆಟ್ಟು ಎಂದಾದರೆ ತಿದ್ದುಪಡಿ ಇರುವ ಡಿಜಿಟಲ್ ಆಂಪ್ಲಿಫೈಯರನ್ನೇ ತನ್ನಿ, ಎರಡನೇ ಯೋಚನೆ ಬೇಡ. ಹಂಚಿನ ಮನೆ ಉಳಿಸಿಕೊಂಡವರು, ಸಂಜೆ ಒಬ್ಬರೇ ಕೂತು ಗಾಯನ ಕೇಳುವವರು ವಾಲ್ವ್ ತರಲಿ, ನನಗೂ ಕರೆ ಕಳಿಸಲಿ. ತಾರಸಿ ಮನೆಯಲ್ಲಿದ್ದೂ ವಾಲ್ವ್ ಮೋಹ ಬಿಡದವರಿಗೆ ಮೂರನೆಯ ದಾರಿ ಉಂಟು, ನನಗೆ ಅತಿ ಇಷ್ಟವಾದದ್ದೂ ಅದೇ: ವಾಲ್ವ್ ಆಂಪ್ಲಿಫೈಯರಿನ ಮುಂದೆ ತಿದ್ದುಪಡಿಯ ಚಿಕ್ಕ ಪೆಟ್ಟಿಗೆಯೊಂದನ್ನು ಕೂರಿಸಿ, 300 ಹರ್ಟ್ಸ್‌ಗಿಂತ ಕೆಳಗೆ ಮಾತ್ರ ತಿದ್ದಲು ಹೇಳುವುದು. ಈ ಅಳತೆಯ ರೂಮಿನಲ್ಲಿ ಕೋಣೆಯ ದರ್ಬಾರು ಅಲ್ಲಿಯವರೆಗೆ ಮಾತ್ರ. ಅದಕ್ಕಿಂತ ಮೇಲಕ್ಕೂ ಪರದೆಯ ಗೆರೆಯನ್ನು ನೇರ ಮಾಡುವ ಆಸೆಗೆ ಬಿದ್ದರೆ ಹಾಡುವವರ ದನಿಯೇ ಇಸ್ತ್ರಿ ಹಾಕಿಸಿಕೊಂಡು ಬರುತ್ತದೆ.

ವಾಲ್ವ್ ತರುವವರು ಜೊತೆಗೇ ಒಂದು ಸ್ಟೆಬಿಲೈಸರ್, ಒಂದು ಜೋಡಿ ಹೆಚ್ಚುವರಿ ವಾಲ್ವ್ ತರಿಸಿಕೊಳ್ಳಿ. ಈಗ ಅವು ಬರುವುದು ಹೆಚ್ಚಾಗಿ ರಷ್ಯಾ, ಸ್ಲೊವಾಕಿಯಾ, ಚೀನಾದಿಂದ, ಸುಟ್ಟುಹೋದ ದಿನ ಶಿವಮೊಗ್ಗದಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೆಟ್ಟಾಗ ಸ್ಕ್ರೂಡ್ರೈವರ್ ಹಿಡಿದು ತಾವೇ ಮುಚ್ಚಳ ತೆಗೆಯುವ ಉತ್ಸಾಹಿಗಳು ನೆನಪಿಡಬೇಕು: ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟ್ ಕಾದು ಕೂತಿರುತ್ತದೆ. ಆ ಕೆಲಸವನ್ನು ಹಳೇ ರೇಡಿಯೊ ರಿಪೇರಿಯವರಿಗೇ ಬಿಡಿ.