ಬಸ್ರಾದಲ್ಲಿ ನಿಂತ ದಿನಚರಿ

ಟಿಪ್ಪು ಸುಲ್ತಾನನು ತುರ್ಕಿಯ ಖಲೀಫನಲ್ಲಿಗೆ ಕಳುಹಿಸಿದ ರಾಯಭಾರವನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಮಾತುಗಳು ಬಳಕೆಯಲ್ಲಿವೆ. ಒಂದು ಪಕ್ಷಕ್ಕೆ ಅದು ಧರ್ಮಶ್ರದ್ಧೆ, ಇನ್ನೊಂದಕ್ಕೆ ಮತಾಂಧತೆ. ರಾಯಭಾರದ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರನ ಪಾರಸಿ ದಿನಚರಿ ‘ವಕಾಯಿ-ಎ-ಮನಾಜಿಲ್-ಎ-ರೂಮ್’ ಅನ್ನು ಇಬ್ಬರೂ ತೆರೆದು ನೋಡಿದಂತೆ ತೋರುವುದಿಲ್ಲ. (ರೂಮ್ ಎಂದರೆ ಇಲ್ಲಿ ತುರ್ಕಿ.) ಮೊಹಿಬ್ಬುಲ್ ಹಸನರು 1968ರಲ್ಲಿ ಇದನ್ನು ಸಂಪಾದಿಸಿ ಪ್ರಕಟಿಸಿದರು.

1786ರ ಮಾರ್ಚಿಯಲ್ಲಿ ತದಡಿಯಿಂದ ನಾಲ್ಕು ಹಡಗುಗಳು ಹೊರಟವು. ಜನ ಸುಮಾರು 900. ಹಡಗಿನಲ್ಲಿ ಕಾಣಿಕೆಗಳಷ್ಟೇ ಅಲ್ಲ, ಮೆಣಸು, ಏಲಕ್ಕಿ, ಶ್ರೀಗಂಧವೂ ಇದ್ದವು. ಮಂಗಳೂರನ್ನು ಕೊಟ್ಟು ಬಸ್ರಾ ಬಂದರನ್ನು ಪಡೆಯುವ ಆಲೋಚನೆಯೂ ಇತ್ತು. ಖಾದಿರನ ಬರವಣಿಗೆ ನಮ್ಮ ಶಾನುಭೋಗರ ಕಡತಕ್ಕೆ ಹತ್ತಿರವಾದುದು. ಬಂದರು, ಸರಕು, ಅಧಿಕಾರಿಗಳ ವಿಳಂಬ, ರಾಯಭಾರಿಗಳೊಳಗಿನ ಜಗಳ, ಇವೇ ಅದರ ವಸ್ತು. ಕೆಲವರಿಗೆ ಇದು ನೀರಸವೆನಿಸಬಹುದು. ನನಗಂತೂ ಇದೇ ಅದರ ಮೇಲ್ಮೆಯೆಂದು ತೋರುತ್ತದೆ. ವಿಚಿತ್ರವೆಂದರೆ, ಖಲೀಫನನ್ನು ಅರಸಿ ಹೊರಟ ಈ ಗ್ರಂಥ ಕಾನ್‌ಸ್ಟಾಂಟಿನೋಪಲನ್ನು ಮುಟ್ಟುವುದೇ ಇಲ್ಲ, ಬಸ್ರಾದಲ್ಲಿಯೇ ನಿಂತುಬಿಡುತ್ತದೆ.

ಒಡೆಯರ ಸಿಂಹಾಸನವನ್ನು ಬದಿಗಿಟ್ಟು ಬಾದಶಹನೆನಿಸಿಕೊಂಡವನಿಗೆ ದಿಲ್ಲಿಯ ಮನ್ನಣೆಯಿರಲಿಲ್ಲ. ಆದ್ದರಿಂದ ಇನ್ನೂ ಮೇಲಿನ ಮುದ್ರೆ ಬೇಕಾಯಿತು. ಆದರೆ ಆ ಮುದ್ರೆಯ ಒಡೆಯನ ಸ್ಥಿತಿಯೇನು? 1774ರ ಕೌಲಿನಲ್ಲಿ ಕ್ರಿಮಿಯಾ ತುರ್ಕರ ಕೈತಪ್ಪಿ, ಅಲ್ಲಿನ ಮುಸಲ್ಮಾನರ ಮೇಲೆ ಸುಲ್ತಾನನಿಗೆ ಖಲೀಫನೆಂಬ ಧಾರ್ಮಿಕ ಅಧಿಕಾರ ಮಾತ್ರ ಉಳಿದಿತ್ತು. ನೆಲ ಕುಗ್ಗಿದಷ್ಟೂ ಬಿರುದು ಬೆಳಗಿತು. ರಾಯಭಾರಿಗಳು 1787ರ ಸೆಪ್ಟೆಂಬರಿನಲ್ಲಿ ರಾಜಧಾನಿಯನ್ನು ಮುಟ್ಟಿದಾಗ ಅಬ್ದುಲ್ ಹಮೀದನು ರಷ್ಯದೊಡನೆ ಯುದ್ಧಕ್ಕೆ ತೊಡಗಿದ್ದನು. ಇಂಗ್ಲಿಷರನ್ನು ಕೆಣಕುವ ಮನಸ್ಸು ಅವನಿಗೆಲ್ಲಿಯದು? ಹೋದವರಲ್ಲಿ ಮರಳಿದವರು ಕೆಲವರೇ.

ಮರಳಿದವರಲ್ಲಿ ಒಬ್ಬ ಗುಲಾಂ ಅಲಿ. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸಿದವನು ಇವನೇ. ನಮ್ಮ ನೆರೆಯ ಕೃಷ್ಣಗಿರಿಯೊಡನೆ ಬಾರಾಮಹಲು ಕೈಬಿಟ್ಟುದು ಅದೇ ಕೌಲಿನಲ್ಲಿ. ಖಾದಿರನ ಕಡತವನ್ನು ಈ ದೃಶ್ಯದ ಪಕ್ಕದಲ್ಲಿಟ್ಟು ಓದಬೇಕು; ಆಗ ಅದರ ಶುಷ್ಕ ವಾಕ್ಯಗಳಿಗೂ ಭಾರ ಬರುತ್ತದೆ.

ಖಲೀಫನ ಮಾತು ಟಿಪ್ಪುವಿಗೆ ಮತ್ತೊಮ್ಮೆ ಬಂದಿತು. ಫ್ರೆಂಚರ ಸ್ನೇಹ ಬಿಡೆಂದು ಮೂರನೆಯ ಸಲೀಮನು 1798ರ ಸೆಪ್ಟೆಂಬರಿನಲ್ಲಿ ಬರೆದ ಪತ್ರವದು. 1799ರ ಜನವರಿಯಲ್ಲಿ ಅದನ್ನು ಕಳುಹಿಸಿಕೊಟ್ಟವನು ವೆಲ್ಲೆಸ್ಲಿ. ಟಿಪ್ಪು ವಿನಯದಿಂದಲೇ ಉತ್ತರವಿತ್ತನು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಹೊಸೂರು, ಡೆಂಕಣಿಕೋಟೆಯ ಸೀಮೆಯೂ ಕಂಪನಿಯ ಪಾಲಾಯಿತು.