ದುಃಖಿಯ ದಾರಿ: ಎರಡು ಪ್ರವಾಸಕಥನಗಳು

ಪ್ರವಾಸಕಥನವೆಂದರೆ ನಮ್ಮಲ್ಲಿ ಬಹುಮಂದಿಗೆ ನೋಡಿದ ಊರುಗಳ ವರ್ಣನೆ, ಉಂಡ ಊಟದ ನೆನಪು, ನಡುವೆ ಅಷ್ಟಿಷ್ಟು ಇತಿಹಾಸ. ಈಚೆಗೆ ನಾನು ಓದಿದ ಎರಡು ಇಂಗ್ಲಿಷ್ ಪುಸ್ತಕಗಳು ಈ ಅಳತೆಗೆ ಸಿಕ್ಕುವಂಥವಲ್ಲ. ಎರಡನ್ನೂ ಬರೆದವರು ಕೆನಡಾದ ನೀಲ್ ಪಿಯರ್ಟ್. 'ರಷ್' ಎಂಬ ರಾಕ್ ವಾದ್ಯತಂಡದಲ್ಲಿ ಡ್ರಮ್ ಬಾರಿಸುತ್ತ, ಆ ತಂಡದ ಬಹುಪಾಲು ಹಾಡುಗಳ ಸಾಹಿತ್ಯವನ್ನೂ ತಾವೇ ರಚಿಸುತ್ತ ಹೆಸರು ಮಾಡಿದ ಅವರು 2020ರ ಜನವರಿಯಲ್ಲಿ ತೀರಿಕೊಂಡರು. ಅವರ ಸಂಗೀತದ ವಿಷಯ ಮಾತನಾಡುವ ಅಧಿಕಾರ ನನಗಿಲ್ಲ. ಮನೆಯ ಹುಡುಗರು ಹಾಕಿದ ಎರಡು ಹಾಡುಗಳನ್ನು ಕೇಳಿ ಎದ್ದುಬಂದವನು ನಾನು.

1997ರ ಆಗಸ್ಟ್ 10ರಂದು ಅವರ ಮಗಳು ಸೆಲೀನಾ, 19 ವರ್ಷದ ಹುಡುಗಿ, ವಿಶ್ವವಿದ್ಯಾಲಯದ ಹೊಸ ವರ್ಷಕ್ಕೆಂದು ಟೊರಾಂಟೊಗೆ ಹೊರಟವಳು ಹೆದ್ದಾರಿಯ ಅಪಘಾತದಲ್ಲಿ ಸತ್ತಳು. ಆಗ ಅವರಿಗಿದ್ದುದು ಅವಳೊಬ್ಬಳೇ. ಮುಂದಿನ ಜೂನ್‌ನಲ್ಲಿ ತಾಯಿ ಜಾಕಿಯೂ ಹೋದರು. ರೋಗದ ಹೆಸರು ಕ್ಯಾನ್ಸರ್; ಆದರೆ ಆಕೆಯನ್ನು ಕೊಂದದ್ದು ಮಗಳ ಕೊರಗೇ ಎಂಬುದು ಪಿಯರ್ಟ್ ಅವರ ನಂಬಿಕೆ. ಎರಡು ತಿಂಗಳು ಕಳೆದ ಮೇಲೆ, ಮಳೆ ಹಿಡಿದ ಒಂದು ಕತ್ತಲು ಮುಂಜಾನೆ, ಕ್ವಿಬೆಕ್ ಪ್ರಾಂತದ ಸರೋವರದಂಚಿನ ಮನೆಗೆ ಬೀಗ ಹಾಕಿ ಅವರು ಬಿಎಂಡಬ್ಲ್ಯೂ ಮೋಟಾರ್ ಸೈಕಲ್ಲನ್ನೇರಿ ಒಬ್ಬರೇ ಹೊರಟರು. ಧ್ರುವವೃತ್ತದಾಚೆಯ ಇನುವಿಕ್, ಅಲಾಸ್ಕ, ಅಮೆರಿಕದ ಪಶ್ಚಿಮದ ಮರುಭೂಮಿಗಳು, ಮೆಕ್ಸಿಕೊ, ಬೆಲೀಜ್: 14 ತಿಂಗಳಲ್ಲಿ ಸುಮಾರು 88,000 ಕಿಲೋಮೀಟರು. 2002ರಲ್ಲಿ ಹೊರಬಂದ 'ಘೋಸ್ಟ್ ರೈಡರ್' ಈ ಅಲೆದಾಟದ ಕಥೆ.

ಮೊದಲ ಓದಿಗೆ ಪುಸ್ತಕ ನನಗೆ ಹಿಡಿಸಲಿಲ್ಲವೆಂದು ಒಪ್ಪಿಕೊಳ್ಳಬೇಕು. ಗಾಯ ಮಾಯಿಸುವ ದಾರಿಯೆಂದು ಉಪಶೀರ್ಷಿಕೆಯಲ್ಲೇ ಸಾರಿಬಿಟ್ಟರೆ ಓದುಗನಿಗೆ ಕಾಯಲು ಏನು ಉಳಿಯಿತು? ಸೆರೆಮನೆಯಲ್ಲಿದ್ದ ಸ್ನೇಹಿತನೊಬ್ಬನಿಗೆ ಬರೆದ ಕಾಗದಗಳು ಪುಸ್ತಕದ ದೊಡ್ಡ ಭಾಗವನ್ನು ನುಂಗಿವೆ. ಅವುಗಳಲ್ಲಿ ಹೇಳಿದ್ದನ್ನೇ ಹೇಳುವ ದೋಷವಿದೆ. ದಾರಿಯಲ್ಲಿ ಕಂಡ ಸಾಮಾನ್ಯ ಪ್ರವಾಸಿಗರ ಮೇಲೆ, ಅವರ ಮೈಕಟ್ಟು ನಡೆನುಡಿಗಳ ಮೇಲೆ ಲೇಖಕರಿಗಿರುವ ತಾತ್ಸಾರವಂತೂ ಸಹಿಸುವಂಥದಲ್ಲ. ದುಃಖ ಮನುಷ್ಯನನ್ನು ಮೃದುಮಾಡುತ್ತದೆಂದು ನಾವು ಸುಲಭವಾಗಿ ನಂಬಿದ್ದೇವೆ. ಇಲ್ಲಿ ಅದು ಅವರನ್ನು ಬಿರುಸುಮಾಡಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾರ ಸಾವಿನಿಂದ ಈ ಪ್ರಯಾಣ ಹುಟ್ಟಿತೋ ಆ ಹುಡುಗಿಯೇ ಪುಟಗಳಲ್ಲಿ ಅಪರೂಪ. ರಸ್ತೆಯ ತಿರುವುಗಳಿಗೆ, ರಾತ್ರಿ ತಂಗಿದ ಮೋಟೆಲಿಗೆ, ಸಂಜೆಯ ವಿಸ್ಕಿಗೆ ಇರುವಷ್ಟು ಜಾಗ ಅವಳಿಗಿಲ್ಲ.

ಹೀಗೆಂದು ಟಿಪ್ಪಣಿ ಬರೆದಿಟ್ಟುಕೊಂಡಿದ್ದೆ. ಅಷ್ಟರಲ್ಲಿ ನಮ್ಮ ಬೀದಿಯ ಹಿರಿಯ ಸ್ನೇಹಿತರೊಬ್ಬರು ಪುಸ್ತಕವನ್ನು ಕೇಳಿದರು. ಮಗನನ್ನು ಕಳೆದುಕೊಂಡವರು. ಕೊಡಬೇಕೋ ಬೇಡವೋ ಎಂದು ಹಿಂದುಮುಂದು ನೋಡಿ ಕೊಟ್ಟೆ. ಎರಡು ವಾರದ ಮೇಲೆ ತಂದುಕೊಟ್ಟು, "ಕಾಗದಗಳನ್ನು ಬಿಟ್ಟುಬಿಟ್ಟೆ ಸ್ವಾಮಿ. ಆ ದಿನದ ಲೆಕ್ಕ ಬರೀತಾರಲ್ಲ, ಇಷ್ಟು ಕಿಲೋಮೀಟರು ಅಂತ, ಅದನ್ನ ಮಾತ್ರ ಒಂದೂ ಬಿಡದೆ ಓದಿದೆ" ಎಂದರು. ಹುಡುಗ ಹೋದ ವರ್ಷ ಅವರು ತಿಂಗಳುಗಟ್ಟಲೆ ಸಿಟಿ ಬಸ್ಸಿನಲ್ಲಿ ಊರಿನ ಈ ಕೊನೆಯಿಂದ ಆ ಕೊನೆಗೆ ಸುಮ್ಮನೆ ಹೋಗಿಬರುತ್ತಿದ್ದರಂತೆ. ಟಿಕೇಟುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದರಂತೆ. ನನಗೆ ಈ ಸಂಗತಿ ಅಂದಿನವರೆಗೂ ಗೊತ್ತಿರಲಿಲ್ಲ.

ಮತ್ತೆ ತೆರೆದು ನೋಡಿದೆ. ತಾರೀಖು, ತಲುಪಿದ ಊರು, ಗಾಡಿಯ ಮೀಟರು ತೋರಿಸಿದ ಅಂಕಿ: ನಾನು ಕಣ್ಣು ಹಾಯಿಸಿ ದಾಟಿದ್ದ ಸಾಲುಗಳೇ ಇವು. ಏನನ್ನೂ ನಂಬಲಾರದ ಮನುಷ್ಯ ಸಂಜೆ ಕುಳಿತು ನಂಬಬಹುದಾದ ಒಂದೇ ಒಂದನ್ನು ಬರೆದಿಡುತ್ತಿದ್ದಾನೆ. ಮಗಳ ಮಾತು ಏಕೆ ಕಡಮೆ ಎಂಬ ನನ್ನ ಆಕ್ಷೇಪಕ್ಕೂ ಉತ್ತರ ಅಲ್ಲಿತ್ತು. ಅವಳ ಮಾತು ಬರುವ ಮೊದಲೇ ಆತ ಎದ್ದು ಹೊರಡುತ್ತಾನೆ. ಹೊರಡಬಲ್ಲ ಯಂತ್ರ ಬಾಗಿಲಲ್ಲೇ ನಿಂತಿದೆ. ತನ್ನಲ್ಲಿ ಉಳಿದಿರುವುದು ಎಳೆಗೂಸಿನಂಥ ಒಂದಿಷ್ಟು ಜೀವ, ಅದನ್ನು ಅಲುಗಾಡಿಸುತ್ತಲೇ ಇರಬೇಕು ಎಂಬ ಅವರ ಕಲ್ಪನೆಯನ್ನು ಅಲಂಕಾರವೆಂದುಕೊಂಡಿದ್ದೆ. ಅಲ್ಲ. ಅಳುವ ಕೂಸನ್ನು ಎತ್ತಿಕೊಂಡು ರಾತ್ರಿಯೆಲ್ಲ ಪಡಸಾಲೆಯಲ್ಲಿ ಅಡ್ಡಾಡಿದ ಯಾವ ತಂದೆಗೂ ಅದು ತಿಳಿದ ವಿಷಯ. ಆದರೂ ಕೊನೆಯ ಭಾಗ, ಹೊಸ ಪ್ರೀತಿ ದೊರೆತು ಬದುಕು ಮತ್ತೆ ನೆಲೆಗೊಂಡ ಕಥೆ, ಅವಸರದ್ದೆಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಬದುಕಿನಲ್ಲಿ ಹಾಗೆ ನಡೆದದ್ದು ನಿಜ, ಸಂತೋಷ. ಬರವಣಿಗೆಯಲ್ಲಿ ಅದಕ್ಕೆ ಸಾಕಷ್ಟು ದಾರಿ ಸವೆದಿಲ್ಲ.

ಇನ್ನೊಂದು ಪುಸ್ತಕ 'ದಿ ಮಾಸ್ಕ್ಡ್ ರೈಡರ್' ಇದಕ್ಕಿಂತ ಹಳೆಯದು, 1996ರದು. 1988ರಲ್ಲಿ ಆಫ್ರಿಕದ ಕ್ಯಾಮರೂನ್ ದೇಶದ ಹಳ್ಳಿಗಾಡಿನಲ್ಲಿ ಒಂದು ಸಣ್ಣ ತಂಡದೊಡನೆ ಸೈಕಲ್ ತುಳಿದ ಕಥೆ. ಚೀಲದಲ್ಲಿ ಅರಿಸ್ಟಾಟಲನ ನೀತಿಶಾಸ್ತ್ರ, ವಾನ್ ಗೋ ಬರೆದ ಪತ್ರಗಳು, ಹೊಟ್ಟೆಯಲ್ಲಿ ರಕ್ತಭೇದಿ. ಇಲ್ಲಿಯೂ ಜೊತೆಗಾರರ ಮೇಲೆ ಗೊಣಗಾಟ ಬೇಕಾದಷ್ಟಿದೆ. ಆದರೆ ಸೈಕಲ್ಲಿನವನು ಊರನ್ನು ಬಿಟ್ಟು ಓಡಲಾರ. ಕೆಮ್ಮಣ್ಣಿನ ಏರಿನಲ್ಲಿ ಉಸಿರು ಕಟ್ಟಿದಾಗ ಇಳಿಯಲೇಬೇಕು, ಬಾಯಾರಿದಾಗ ನೀರು ಕೇಳಲೇಬೇಕು, ಕತ್ತಲಾದಾಗ ಯಾರದೋ ಅಂಗಳದಲ್ಲಿ ನಿಲ್ಲಲೇಬೇಕು. ಆದ್ದರಿಂದಲೇ ಈ ಪುಸ್ತಕದ ತುಂಬ ಮನುಷ್ಯರಿದ್ದಾರೆ. ಪ್ರವಾಸಕಥನವಾಗಿ ಎರಡರಲ್ಲಿ ಇದೇ ಮೇಲೆಂದು ನನ್ನ ಎಣಿಕೆ. ಬಿಳಿಯನೊಬ್ಬ ಬಡ ದೇಶವನ್ನು ನೋಡುವಾಗಿನ ಕುಂದುಗಳಿಲ್ಲವೆಂದಲ್ಲ. ತನ್ನ ಮುಖಕ್ಕೂ ಒಂದು ಮುಖವಾಡವಿದೆಯೆಂದು ಬಲ್ಲ ಬಿಳಿಯ ಈತ, ಅಷ್ಟೇ.

ಈ ಪ್ರಯಾಣದ ಕಾಲಕ್ಕೆ ಸೆಲೀನಾಗೆ 10 ವರ್ಷ. ಪುಸ್ತಕ ಅಚ್ಚಾದಾಗ ಅವಳು ಬದುಕಿದ್ದಳು. ಬರೆದವರಿಗೆ ಗೊತ್ತಿಲ್ಲದ್ದು ಇಂದು ಓದುವವನಿಗೆ ಗೊತ್ತು. ಹಳ್ಳಿಯ ಮಕ್ಕಳು ಬರುವ ಪ್ರತಿ ಪುಟವೂ ಆದ್ದರಿಂದ ಭಾರವಾಗುತ್ತದೆ. ಇದು ಕೃತಿಯ ಗುಣವೋ, ಕಾಲ ಹೊರಗಿನಿಂದ ತಂದು ಸೇರಿಸಿದ್ದೋ? ನನ್ನಿಂದ ಇತ್ಯರ್ಥವಾಗಲಿಲ್ಲ.

ಇದನ್ನೂ ಸ್ನೇಹಿತರಿಗೆ ಕೊಟ್ಟೆ. ತಿಂಗಳಾದರೂ ಬರಲಿಲ್ಲ. ಬೀದಿಯಲ್ಲಿ ಸಿಕ್ಕಾಗ ಮೆಲ್ಲಗೆ ಜ್ಞಾಪಿಸಿದೆ. "ಇರಲಿ ಸ್ವಾಮಿ, ಇನ್ನೂ ಸ್ವಲ್ಪ ದಿನ. ಇದರಲ್ಲಿ ಹುಡುಗಿ ಮನೇಲಿದಾಳೆ" ಎಂದರು. ಹಾಗಾಗಿ ಈ ಕೊನೆಯ ಭಾಗವನ್ನು ನಾನು ಪುಸ್ತಕ ಎದುರಿಗಿಲ್ಲದೆ, ಟಿಪ್ಪಣಿಗಳಿಂದಲೇ ಬರೆಯಬೇಕಾಯಿತು.